ಗೆರೆ ಇಲ್ಲದ ವಿಳಾಸ

ನಮ್ಮ ಅಂಗಡಿ ಎಂದರೆ ಚಾಮರಾಜಪೇಟೆಯಲ್ಲಿ ಎಂಟಡಿ ಅಗಲದ ಒಂದು ಕೋಣೆ. ಹಿಂದಿನ ಬಾಗಿಲು ದಾಟಿದರೆ ಮನೆ. ಬೋರ್ಡಿನ ಮೇಲಿರುವುದು ನಮ್ಮಪ್ಪನ ಹೆಸರು, ‘ದೊಡ್ಡಬೈರಪ್ಪ ಮೃದಂಗ’. ಅವರು ತೀರಿಹೋಗಿ ನಲವತ್ತೊಂದು ವರ್ಷವಾಯಿತು. ಅವರು ಇರುವವರೆಗೆ ಅವರ ಮಗ್ಗುಲಲ್ಲಿ ಕೂತು ಚರ್ಮ ಬಿಗಿದೆ. ಅವರು ಹೋದ ಮೇಲೆ ಅವರ ಹೆಸರಿನ ಕೆಳಗೆ ಕೂತು ಬಿಗಿದೆ. ನಾನು ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ನರಸಿಂಹಯ್ಯ ಎಂಬ ನನ್ನ ಹೆಸರು ಬೋರ್ಡಿನಲ್ಲಿ ಇಲ್ಲದ್ದರಿಂದ ಯಾವತ್ತೂ ಏನೂ ಕಡಿಮೆಯಾಗಿರಲಿಲ್ಲ. ಮೃದಂಗ ನುಡಿಸುವವರಿಗೆ ನನ್ನ ಕೈ ಗೊತ್ತಿತ್ತು.

ಆದರೆ ಮೂರು ವರ್ಷದಿಂದ ಬರುವವರು ಕಡಿಮೆಯಾಗುತ್ತ ಬಂದರು. ರಾಮನವಮಿ ಕಛೇರಿಗಳಿಗೆ ಮುಂಚೆ ನಮ್ಮ ಗೋಡೆಗೆ ಇಪ್ಪತ್ತು ಮೃದಂಗ ಒರಗಿ ನಿಲ್ಲುತ್ತಿದ್ದವು. ಈ ಸಲ ನಾಲ್ಕು. ಅದರಲ್ಲಿ ಎರಡು ಶಾಲೆಯವು. ನಟ್ಟು ಬೋಲ್ಟು ತಿರುಗಿಸಿ ಬಿಗಿಯುವ ಮೃದಂಗ ಬಂದಿದೆ, ಪ್ಲಾಸ್ಟಿಕ್ ಬಂದಿದೆ, ಕಾಲ ಹಾಗಿದೆ ಎಂದುಕೊಂಡೆ. ನನ್ನ ಹೆಂಡತಿ ಪಾರ್ವತಮ್ಮ ಒಪ್ಪಲಿಲ್ಲ. “ಪ್ಲಾಸ್ಟಿಕ್ ಬಂದ್ರೆ ಬರ್ಲಿ. ಜನ ಚೆನ್ನಾಗಿದೀರಾ ಅಂತ ಕೇಳೋಕೂ ಬರಬಾರ್ದಾ?” ಎನ್ನುತ್ತಿದ್ದಳು.

ನನ್ನ ಮಗಳ ಮಗಳು ವಿಶಾಖಾ, ಸರ್ವೆ ಇಲಾಖೆಯಲ್ಲಿ ಕೆಲಸ ಮಾಡುವವಳು, ಒಂದು ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪು ಹಿಡಿದುಕೊಂಡು ಬಂದು ಅಂಗಡಿಯ ಹೊಸಿಲ ಮೇಲೆ ಕೂತಳು.

“ತಾತ, ನಿನಗೆ ಇಂಟರ್‌ನೆಟ್ಟಲ್ಲಿ ಒಂದು ವಿಳಾಸ ಮಾಡ್ಕೊಡ್ತೀನಿ. ಊರೆಲ್ಲ ಅಲ್ಲೇ ಹುಡುಕೋದು ಈಗ. ಹೆಸರು ಏನಿಡ್ಲಿ?”

ನಾನು ಒಂದು ಹೊಸ ಮುಚ್ಚಿಗೆಗೆ, ಎಂದರೆ ಮೃದಂಗದ ಬಾಯಿಗೆ ಬಿಗಿಯುವ ಚರ್ಮದ ಹೊದಿಕೆಗೆ, ಕರಣೆ ಹಾಕುತ್ತಿದ್ದೆ. ಮೃದಂಗದ ಬಲಗಡೆ ಕಪ್ಪಗೆ ದುಂಡಗೆ ಕಾಣುತ್ತದಲ್ಲ, ಅದೇ ಕರಣೆ. ಅನ್ನಕ್ಕೆ ಕಬ್ಬಿಣದ ಕಿಟ್ಟದ ಪುಡಿ ಸೇರಿಸಿ ಅರೆದು, ಪದರದ ಮೇಲೆ ಪದರ ಹಚ್ಚಿ, ಒಂದೊಂದು ಪದರವನ್ನೂ ಕಲ್ಲಿನಿಂದ ಉಜ್ಜಬೇಕು.

“ಬೋರ್ಡ್ ಇದ್ಯಲ್ಲಮ್ಮ. ಅದನ್ನೇ ಇಡು.”

“ಅದನ್ನೇ ಇಡ್ತೀನಿ. ಆದ್ರೆ ಇಲ್ಲಿ ಎರಡು ಪದದ ಮಧ್ಯೆ ಜಾಗ ಬಿಡೋ ಹಾಗಿಲ್ಲ. ಒಂದಕ್ಕೊಂದು ಅಂಟಿಸಿ ಬರೀಬೇಕು. ಇಲ್ಲಾಂದ್ರೆ ಮಧ್ಯೆ ಒಂದು ಸಣ್ಣ ಅಡ್ಡಗೆರೆ ಹಾಕ್ಬೇಕು. ಹೈಫನ್ ಅಂತಾರೆ.” ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು. “ಇಂಗ್ಲಿಷಲ್ಲಿ ಅಂಟಿಸಿದ್ರೆ ನೋಡು, ಗೂಡ್ಸ್ ಗಾಡಿ ಇದ್ದ ಹಾಗಿದೆ. ಮುತ್ತಾತ ಎಲ್ಲಿ ಮುಗಿದ್ರು, ಮೃದಂಗ ಎಲ್ಲಿ ಶುರುವಾಯ್ತು, ಗೊತ್ತೇ ಆಗಲ್ಲ. ಗೆರೆ ಹಾಕಿದ್ರೆ ನೀಟಾಗಿ ಕಾಣುತ್ತೆ.”

“ಕಾಣೋಕೆ ಚೆನ್ನಾಗಿರ್ಬೋದು. ಹೇಳೋದು ಹೇಗೆ?”

“ಹೇಳೋದು ಅಂದ್ರೆ?”

“ಫೋನಲ್ಲಿ ಯಾರಾದ್ರೂ ಕೇಳಿದ್ರೆ ಗೆರೆನ ಬಾಯಲ್ಲಿ ಹೇಗಮ್ಮ ಹೇಳ್ಲಿ? ನಮ್ಮ ಹತ್ರ ಬರೋರೆಲ್ಲ ಬಾಯಿಂದ ಬಾಯಿಗೆ ಕೇಳಿ ಬಂದೋರು. ಅವರು ಗೆರೆ ಮರೀತಾರೆ.”

ನಾನು ನಮ್ಮ ಹಿಂದಿನ ಬೀದಿಯ ಅಣ್ಣತಮ್ಮಂದಿರ ಕತೆ ಹೇಳಿದೆ. ಮನೆ ಪಾಲಾದಾಗ ಅಣ್ಣನಿಗೆ ಹದಿನಾಲ್ಕನೇ ನಂಬರು, ತಮ್ಮನಿಗೆ ಹದಿನಾಲ್ಕು ಬೈ ಒಂದು. ಮೂವತ್ತು ವರ್ಷ ತಮ್ಮನ ಕಾಗದಗಳೆಲ್ಲ ಮೊದಲು ಅಣ್ಣನ ಮನೆಗೇ ಹೋದವು. ತಮ್ಮನ ಮಗಳ ಜಾತಕ ಕೂಡಿಬಂದಿದೆ ಎಂಬ ಕಾಗದವನ್ನು ಅತ್ತಿಗೆ ಓದಿ, ಒಪ್ಪಿ, ಆಮೇಲೆ ಕಳಿಸಿಕೊಟ್ಟಳು. ಬರೆಯುವವರಿಗೆ ಹದಿನಾಲ್ಕು ನೆನಪಿರುತ್ತದೆ, ಬೈ ಒಂದು ಮರೆತುಹೋಗುತ್ತದೆ.

ವಿಶಾಖಾ ನಕ್ಕುಬಿಟ್ಟಳು. “ನಮ್ಮ ಆಫೀಸಲ್ಲಿ ಅರ್ಧ ಜಗಳ ಆ ಬೈ ಒಂದರದ್ದೇ. ಸರಿ, ಗೆರೆ ಬೇಡ.” ಬರೆದಳು. ಒತ್ತಿದಳು. ಹುಬ್ಬು ಗಂಟಾಯಿತು. “ತಗೊಂಡ್ಬಿಟ್ಟಿದಾರೆ ತಾತ.”

“ಏನ್ ತಗೊಂಡಿದಾರೆ?”

“ಗೆರೆ ಇಲ್ದಿರೋ ಹೆಸರು. ಆಗ್ಲೇ ಯಾರದ್ದೋ ಆಗಿದೆ. ಗೆರೆ ಇರೋದು ಖಾಲಿ ಇದೆ.”

“ದೊಡ್ಡಬೈರಪ್ಪ ಅಂತ ಇನ್ನೊಬ್ಬ ಮೃದಂಗದೋನು ಈ ಊರಲ್ಲಿ ಇಲ್ವಲ್ಲಮ್ಮ.”

“ಇರು, ಯಾರು ಅಂತ ನೋಡ್ತೀನಿ.”

ನೋಡಿದಳು. ನೋಡುತ್ತಲೇ ಇದ್ದಳು. ಆಮೇಲೆ ಮೆಲ್ಲಗೆ ಮುಚ್ಚಳ ಅರ್ಧ ಇಳಿಸಿದಳು.

“ಏನಮ್ಮ?”

“ಏನಿಲ್ಲ.”

ಸಣ್ಣವಳಿಂದಲೂ ಅವಳು ಏನಿಲ್ಲ ಎಂದರೆ ಏನೋ ಇದೆ ಎಂದೇ ಅರ್ಥ. ನಾನೇ ಕೈ ಚಾಚಿ ಮುಚ್ಚಳ ಎತ್ತಿದೆ.

ಮೇಲೆ ನಮ್ಮಪ್ಪನ ಫೋಟೋ. ನಮ್ಮ ಗೋಡೆಯ ಮೇಲೆ ಬುದ್ಧನ ಪಟದ ಪಕ್ಕದಲ್ಲಿರುವ ಅದೇ ಫೋಟೋ. ಕೆಳಗೆ ನನ್ನದು. ಇದೇ ಜಾಗದಲ್ಲಿ ಕೂತು ಕರಣೆ ಉಜ್ಜುತ್ತಿದ್ದೇನೆ, ಉಜ್ಜುವಾಗ ಬಾಯಿ ಸ್ವಲ್ಪ ತೆರೆಯುವುದು ನನ್ನ ಅಭ್ಯಾಸ, ಅದೂ ಹಾಗೆಯೇ ಬಂದಿದೆ. ಫೋಟೋದ ಸುತ್ತ ಗಂಧದ ಹಾರ. ಅದರ ಕೆಳಗೆ ಕನ್ನಡದಲ್ಲಿ ಏನೋ ಬರೆದಿತ್ತು. ನಾನು ಅಕ್ಷರ ಕೂಡಿಸಿ ಕೂಡಿಸಿ ಓದುವವನು. ಓದಿದೆ.

‘ದಿ. ನರಸಿಂಹಯ್ಯನವರ ಏಕಮಾತ್ರ ಶಿಷ್ಯ ಶೀನಣ್ಣ. ಮಾಮೂಲ್‌ಪೇಟೆ.’ ಕೆಳಗೆ ಒಂದು ಫೋನ್ ನಂಬರು.

‘ದಿ.’ ನನಗೆ ಗೊತ್ತಿರುವ ಅಕ್ಷರ. ಛತ್ರಗಳಲ್ಲಿ ಫ್ಯಾನಿನ ರೆಕ್ಕೆಯ ಮೇಲೆ ಬರೆದಿರುತ್ತಾರೆ, ಇಂಥವರ ಜ್ಞಾಪಕಾರ್ಥ ಎಂದು. ಫ್ಯಾನು ನಿಂತಾಗ ಮಾತ್ರ ಓದಲು ಬರುತ್ತದೆ.

ಕೈಯಲ್ಲಿದ್ದ ಕಲ್ಲು ಜಾರಿ ಮುಚ್ಚಿಗೆಯ ಮೇಲೆ ಬಿತ್ತು. ನಾಲ್ಕು ದಿನದ ಕರಣೆ ಒಡೆದುಹೋಯಿತು. ಐವತ್ತು ವರ್ಷದಲ್ಲಿ ನನ್ನ ಕೈಯಿಂದ ಕಲ್ಲು ಬಿದ್ದದ್ದಿಲ್ಲ. ನಾನು ಒಡೆದದ್ದನ್ನು ನೋಡಲಿಲ್ಲ, ನನ್ನ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡೆ. ಬೆವರಿತ್ತು. ಕಪ್ಪು ಮೆತ್ತಿತ್ತು. ಸತ್ತವರ ಕೈ ಬೆವರುವುದಿಲ್ಲ ಎಂದು ಯಾಕೋ ನನಗೆ ನಾನೇ ಹೇಳಿಕೊಂಡೆ.

ಸದ್ದಿಗೆ ಪಾರ್ವತಮ್ಮ ಒಳಗಿಂದ ಬಂದಳು. ಅವಳಿಗೆ ಓದಲು ಬರುವುದಿಲ್ಲ. ಆದರೆ ಹಾರ ಹಾಕಿದ ಫೋಟೋ ಯಾರಿಗೆ ಅರ್ಥವಾಗುವುದಿಲ್ಲ? ಅವಳು ಕೂಗಲಿಲ್ಲ. ಸೆರಗು ಎಳೆದು ಎರಡೂ ಕೈಯ ಬಳೆಗಳನ್ನು ಮುಚ್ಚಿಕೊಂಡಳು, ಯಾರೋ ಒಡೆಯಲು ಬಂದಿದ್ದಾರೆ ಎನ್ನುವ ಹಾಗೆ.

“ಶೀನನಾ?” ಎಂದಳು. “ನಮ್ಮ ಶೀನನಾ?”

ಶೀನಣ್ಣ ನನ್ನ ಮಗ್ಗುಲಲ್ಲಿ ಇಪ್ಪತ್ತಾರು ವರ್ಷ ಕೂತವನು. ಮೂರು ವರ್ಷದ ಹಿಂದೆ ಭುಜ ನೋವು, ಇನ್ನು ಆಗಲ್ಲ ಅಯ್ಯ, ಮಾಗಡಿ ಕಡೆ ಊರಿಗೆ ಹೋಗ್ತೀನಿ ಎಂದು ಕಾಲಿಗೆ ಬಿದ್ದು ಹೋಗಿದ್ದ. ಪಾರ್ವತಮ್ಮ ಅವನಿಗೆ ಚಕ್ಕುಲಿ ಕಟ್ಟಿಕೊಟ್ಟಿದ್ದಳು.

“ಪೊಲೀಸ್ ಕಂಪ್ಲೇಂಟ್ ಕೊಡೋಣ,” ಎಂದಳು ವಿಶಾಖಾ. “ಅದಕ್ಕೂ ಮುಂಚೆ ಗೆರೆ ಇರೋ ಹೆಸರು ಈಗ್ಲೇ ತಗೋತೀನಿ. ನಿನ್ನ ಫೋಟೋ ಹಾಕ್ತೀನಿ, ಬದುಕಿದಾರೆ ಅಂತ ದಪ್ಪಕ್ಷರದಲ್ಲಿ ಬರೀತೀನಿ.”

“ಹಾಕಿದ್ರೆ? ಹುಡುಕೋರು ಗೆರೆ ಬಿಟ್ಟು ಒತ್ತುತಾರೆ. ಗೆರೆ ಹಾಕಿದ್ರೆ ಬದುಕಿದೀನಿ, ಗೆರೆ ಬಿಟ್ರೆ ಸತ್ತಿದೀನಿ. ಇದ್ಯಾವ ಬಾಳಮ್ಮ?”

ಅವಳು ಲ್ಯಾಪ್‌ಟಾಪು ಮುಚ್ಚಿ ಚೀಲಕ್ಕೆ ಹಾಕಿಕೊಂಡಳು.

“ಆಟೋ ಕರಿ,” ಎಂದೆ. “ಯಾರ್ಯಾರ ಮನೇಲಿ ಸತ್ತಿದೀನಿ ಅಂತ ಮೊದ್ಲು ತಿಳ್ಕೋಬೇಕು.”

*

ತ್ಯಾಗರಾಜನಗರದ ಬದರೀನಾರಾಯಣ ಮೇಷ್ಟ್ರು ಲೆಕ್ಕ ಹೇಳಿಕೊಡುತ್ತಿದ್ದವರು, ರಿಟೈರಾಗಿ ಹದಿನೈದು ವರ್ಷವಾಗಿದೆ. ಮೂವತ್ತಮೂರು ವರ್ಷ ತಪ್ಪದೆ ಆರು ತಿಂಗಳಿಗೊಮ್ಮೆ ನನ್ನ ಹತ್ತಿರ ಮೃದಂಗ ತಂದವರು. ಅವರು ಬರುವುದು ಯಾಕೆ ನಿಂತಿತು ಎಂದು ನಾನು ಕೇಳಿರಲಿಲ್ಲ. ಬರುವವರನ್ನು ಬನ್ನಿ ಎನ್ನಬೇಕು, ಬರದವರನ್ನು ಯಾಕೆ ಎನ್ನಬಾರದು. ನನ್ನ ಸ್ವಭಾವ ಅದು.

ಅವರ ಹೆಂಡತಿ ಸುಂದರಮ್ಮ ತಾರಸಿಯಿಂದ ಸಂಡಿಗೆ ಒಣಗಿಸಿದ ದೊಡ್ಡ ತಟ್ಟೆ ಹಿಡಿದು ಮೆಟ್ಟಿಲಿಳಿಯುತ್ತಿದ್ದರು. ಗೇಟಿನ ಹತ್ತಿರ ನನ್ನನ್ನು ಕಂಡರು. ತಟ್ಟೆ ಬಿತ್ತು. ಸಂಡಿಗೆ ಮೆಟ್ಟಿಲು ಮೆಟ್ಟಿಲಾಗಿ ಉರುಳುತ್ತ ನನ್ನ ಚಪ್ಪಲಿಯವರೆಗೆ ಬಂತು.

“ರೀ,” ಎಂದರು. “ರೀ! ಇಲ್ಬನ್ರೀ!”

ಅವರ ಕಣ್ಣು ನನ್ನ ಮುಖದ ಮೇಲಿರಲಿಲ್ಲ. ಪಾದದ ಮೇಲಿತ್ತು. ಪಾದ ಮುಂದಕ್ಕಿದೆಯೋ ಹಿಂದಕ್ಕಿದೆಯೋ ನೋಡುತ್ತಿದ್ದರು. ನಾನು ಅವರಿಗೆ ಚೆನ್ನಾಗಿ ಕಾಣಲಿ ಎಂದು ಚಪ್ಪಲಿ ಬಿಟ್ಟು ನಿಂತೆ.

ಮೇಷ್ಟ್ರು ಪೇಪರು ಹಿಡಿದು ಬಂದರು. ನನ್ನನ್ನು ನೋಡಿದರು. ನಿಂತಲ್ಲೇ ಜಗಲಿಯ ಮೇಲೆ ಕುಸಿದು ಕೂತರು.

“ನರಸಿಂಹಯ್ಯ?”

“ನಾನೇ ಮೇಷ್ಟ್ರೇ.”

ಅವರು ಎದ್ದರು. ಹತ್ತಿರ ಬಂದು ಒಂದು ಬೆರಳು ಚಾಚಿ ನನ್ನ ಮುಂಗೈ ಮುಟ್ಟಿದರು, ಬಿಸಿ ಇದೆಯೇ ಎಂದು ಹಾಲಿನ ಪಾತ್ರೆ ಮುಟ್ಟುವ ಹಾಗೆ. ಆಮೇಲೆ ಇಡೀ ಕೈ ಹಿಡಿದುಕೊಂಡರು. ಮೂವತ್ತಮೂರು ವರ್ಷದಲ್ಲಿ ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು. ಮೃದಂಗವನ್ನು ಅವರು ನೆಲದ ಮೇಲಿಡುತ್ತಿದ್ದರು, ನಾನು ಎತ್ತಿಕೊಳ್ಳುತ್ತಿದ್ದೆ.

“ನೀವು ಹೋಗ್ಬಿಟ್ರಿ ಅಂದ್ರಲ್ರೀ ಎಲ್ರೂ! ಕಂಪ್ಯೂಟರಲ್ಲೂ ಹಾಕಿದಾರೆ!”

“ಹಾಕಿದೋರು ಹಾಕಿದ್ರು. ನೀವು ಒಂದ್ಸಲ ಬಂದು ನೋಡ್ಲಿಲ್ವಲ್ಲ ಮೇಷ್ಟ್ರೇ.”

ಅವರ ಮುಖ ಸಣ್ಣದಾಯಿತು. ಸುಂದರಮ್ಮ ಬಾಗಿ ಸಂಡಿಗೆ ಆರಿಸತೊಡಗಿದರು. ವಿಶಾಖಾಳೂ ಅವರ ಜೊತೆ ಬಾಗಿದಳು.

“ಹೇಗೆ ಬರ್ಲಿ?” ಎಂದರು ಮೇಷ್ಟ್ರು. “ಗೊತ್ತಾಗೋ ಹೊತ್ತಿಗೆ ಎರಡು ತಿಂಗಳಾಗಿತ್ತು. ವೈಕುಂಠ ಸಮಾರಾಧನೆ ಎಲ್ಲ ಮುಗಿದಿರತ್ತೆ ಅಂದ್ಕೊಂಡೆ. ವಿಚಾರಿಸ್ಕೊಂಡು ಬರೋಣ ಅಂತ ಹೊರಟ ದಿನ ಮಂಗಳವಾರ, ಇವಳು ಬೇಡ ಅಂದ್ಲು. ಇನ್ನೊಂದು ದಿನ ಶುಕ್ರವಾರ. ಆಮೇಲೆ ನನಗೇ ಜ್ವರ. ಹಾಗೇ ಯುಗಾದಿ ಬಂತು, ವರ್ಷ ಆಗೋಯ್ತು. ವರ್ಷ ಆದ್ಮೇಲೆ ದುಃಖ ಕೇಳೋಕೆ ಯಾವ ಮುಖ ಇಟ್ಕೊಂಡು ಬರ್ಲಿ? ಪಾರ್ವತಮ್ಮನೋರು ಇಷ್ಟು ದಿನ ಎಲ್ಲಿದ್ರಿ ಅಂದ್ರೆ? ನಿಮ್ಮ ರಸ್ತೇಲಿ ಹೋಗೋದನ್ನೇ ಬಿಟ್ಟೆ. ಮಾರ್ಕೆಟ್ಟಿಗೆ ಸುತ್ತು ಹಾಕ್ಕೊಂಡು ಹೋಗ್ತೀನಿ.”

“ನೀವೊಬ್ರೇನಾ?”

“ಎಲ್ರೂ ಹಾಗೇ. ಒಬ್ಬರನ್ನೊಬ್ಬರು ಕೇಳ್ತೀವಿ, ನೀವು ಹೋಗಿದ್ರಾ ಅಂತ. ಯಾರೂ ಹೋಗಿಲ್ಲ.”

ಪಾರ್ವತಮ್ಮನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಅವರು ನನ್ನನ್ನು ಮರೆತಿರಲಿಲ್ಲ. ನಾಚಿಕೆಪಟ್ಟುಕೊಂಡು ಮೂರು ವರ್ಷ ಆ ಕಡೆ ತಲೆಹಾಕಿರಲಿಲ್ಲ. ಇನ್ನೊಂದು ಮಾತೂ ಇತ್ತು, ಅದನ್ನು ಅವರು ಆಡಲಿಲ್ಲ, ನಾನೂ ಆಡಲಿಲ್ಲ. ದುಃಖ ಕೇಳಬೇಕಾದರೆ ಅಂಗಡಿಯ ಹಿಂದಿನ ಬಾಗಿಲು ದಾಟಿ ನಮ್ಮ ಮನೆಯೊಳಗೆ ಬಂದು ಕೂರಬೇಕು. ಅವರು ಯಾರೂ ಆ ಬಾಗಿಲು ದಾಟಿದವರಲ್ಲ.

ಮೇಷ್ಟ್ರು ನನ್ನ ಕೈ ಇನ್ನೂ ಬಿಟ್ಟಿರಲಿಲ್ಲ. “ಮಹಾಲಯದಲ್ಲಿ,” ಎಂದರು, ತಲೆ ತಗ್ಗಿಸಿ, “ನಿಮ್ಮ ಹೆಸರು ಹೇಳಿ ಎಳ್ಳುನೀರು ಬಿಟ್ಟಿದೀನಿ. ಮೂರು ವರ್ಷ. ಬರೋಕಾಗ್ಲಿಲ್ವಲ್ಲ, ಅದಾದ್ರೂ ಮಾಡೋಣ ಅಂತ.”

ನಾನು ಊಟ ಮಾಡುತ್ತ, ಕಾಫಿ ಕುಡಿಯುತ್ತ ಕೂತಿದ್ದಾಗ ಈ ಮನುಷ್ಯ ಹಸಿವಿನಲ್ಲಿ ಕೂತು ನನಗೆ ನೀರು ಬಿಡುತ್ತಿದ್ದರು. ಬೈಯಲೂ ಆಗಲಿಲ್ಲ, ಕೈಮುಗಿಯಲೂ ಆಗಲಿಲ್ಲ.

“ನಿಮ್ಮ ಮೃದಂಗ ತನ್ನಿ,” ಎಂದೆ.

ತಂದರು. ಅಲ್ಲೇ ಜಗಲಿಯಲ್ಲಿ ಕೂತು ಬಲಗಡೆ ಒಂದು ಬೆರಳು ತಟ್ಟಿದೆ. ಮತ್ತೆ ತಟ್ಟಿದೆ. ಸುತ್ತಲೂ ತಟ್ಟಿದೆ. ಎಲ್ಲ ಕಡೆ ಒಂದೇ ನಾದ. ಕರಣೆಯ ಅಂಚನ್ನು ಉಗುರಿನಿಂದ ಮುಟ್ಟಿ ನೋಡಿದೆ. ಅಂಚಿಗೆ ಬರುವಾಗ ಕಲ್ಲನ್ನು ಒಂಚೂರು ಓರೆ ಮಾಡಿ ಉಜ್ಜುವುದು ನಮ್ಮಪ್ಪನ ರೀತಿ, ಅವರಿಂದ ನನಗೆ ಬಂದದ್ದು. ಇದು ನಾನೇ ಮಾಡಿದ ಕೆಲಸ ಎಂದು ಯಾರಾದರೂ ಹೇಳಿದ್ದರೆ ಹೌದು ಎನ್ನುತ್ತಿದ್ದೆ.

“ಶೀನಣ್ಣಂದು,” ಎಂದರು ಮೇಷ್ಟ್ರು. “ನನಗೆ ಅನುಮಾನವೇ ಬರ್ಲಿಲ್ಲ ನೋಡಿ. ಅವನು ಬೇರೆ ಕೂತಿದಾನೆ ಅಂದ್ರೆ ನೀವಿಲ್ಲ ಅಂತಲೇ ತಾನೆ? ಕಸುಬಿನ ಕಟ್ಟುಪಾಡು ನೀವೇ ಹೇಳಿದ್ದು ನನಗೆ.”

ಹೌದು, ನಾನೇ ಹೇಳಿದ್ದು. ಗುರುವಿನ ಕೈ ಆಡುವವರೆಗೆ ಅದೇ ಊರಿನಲ್ಲಿ ಶಿಷ್ಯ ಬೇರೆ ಮಣೆ ಹಾಕಿ ಅಂಗಡಿ ಇಡುವ ಹಾಗಿಲ್ಲ. ಹಾಕಬೇಕಾದರೆ ಗುರು ಒಬ್ಬ ವಿದ್ವಾಂಸರ ಎದುರಿಗೆ ಎಲೆಅಡಿಕೆ ಕೊಟ್ಟು ಅಪ್ಪಣೆ ಕೊಡಬೇಕು. ಅಪ್ಪಣೆ ಇಲ್ಲದೆ ಕೂತವನಿಗೆ ಯಾರೂ ಮೃದಂಗ ಕೊಡುವುದಿಲ್ಲ. ನಮ್ಮಲ್ಲಿ ಹಾಗೆ ನಡೆದುಬಂದಿದೆ. ನುಡಿಸುವವರಿಗೂ ಅದು ಗೊತ್ತು.

ಶೀನಣ್ಣ ಎರಡು ಸಲ ಅಪ್ಪಣೆ ಕೇಳಿದ್ದ. ಒಂದು ಸಲ ಅವನ ಮಗಳು ಹುಟ್ಟಿದಾಗ. ಇನ್ನೊಂದು ಸಲ ಆ ಮಗಳ ಮದುವೆಯಾದಾಗ. ಎರಡು ಸಲವೂ ನಾನು ಕಲ್ಲಿನಿಂದ ಕಣ್ಣೆತ್ತದೆ, “ನಾನಿರೋವರೆಗೂ ಇರು ಕಣೋ, ಆಮೇಲೆ ಎಲ್ಲ ನಿಂದೇ” ಎಂದಿದ್ದೆ. ಎರಡು ಸಲವೂ ಅವನು ಹೂಂ ಎಂದಿದ್ದ.

“ಹೊರಡಿ ಮೇಷ್ಟ್ರೇ,” ಎಂದೆ. “ನೀವೂ ಬರ್ಬೇಕು.”

*

ಭಾನುವಾರ ಅವೆನ್ಯೂ ರಸ್ತೆಯ ಅಂಗಡಿಗಳು ಮುಚ್ಚಿದ್ದವು. ಫುಟ್‌ಪಾತಿನಲ್ಲಿ ಹಳೆ ಪುಸ್ತಕ ಹರಡಿದವರ ನಡುವೆ ಆಟೋ ಹೋಗಲಿಲ್ಲ, ಇಳಿದು ನಡೆದೆವು. ಮಾಮೂಲ್‌ಪೇಟೆಯ ಒಂದು ಗಲ್ಲಿ, ಬಳೆ ಅಂಗಡಿಯ ಮೇಲೆ ಮರದ ಮೆಟ್ಟಿಲು. ಮೇಲೆ ಹತ್ತುವಾಗಲೇ ಕರಣೆ ಉಜ್ಜುವ ಸದ್ದು ಕೇಳಿಸಿತು. ಆ ಸದ್ದಿನಲ್ಲೇ ಗೊತ್ತಾಯಿತು, ಅವನ ಭುಜಕ್ಕೆ ಏನೂ ಆಗಿಲ್ಲ.

ಬಾಗಿಲು ತೆಗೆದೇ ಇತ್ತು. ಶೀನಣ್ಣ ಚಾಪೆಯ ಮೇಲೆ ಕೂತಿದ್ದ. ಅವನ ತಲೆಯ ಮೇಲೆ ಗೋಡೆಯಲ್ಲಿ ನನ್ನ ಫೋಟೋ. ಅದಕ್ಕೆ ಅಂದೇ ಬೆಳಿಗ್ಗೆ ಹಾಕಿದ ಮಲ್ಲಿಗೆ. ಊದುಬತ್ತಿ ಇನ್ನೂ ಹೊಗೆಯಾಡುತ್ತಿತ್ತು. ಕಂಪ್ಯೂಟರಿನಲ್ಲಿ ನೋಡಿದ್ದಕ್ಕಿಂತ ಇದು ಹೆಚ್ಚು ನಡುಗಿಸಿತು. ನನ್ನ ಪಟಕ್ಕೆ ಹಚ್ಚಿದ ಹೊಗೆ ನನ್ನ ಮೂಗಿಗೇ ಬಡಿಯುತ್ತಿತ್ತು.

ಶೀನಣ್ಣ ತಲೆ ಎತ್ತಿದ. ಹೆದರಬೇಕಾದವನು ಅವನೊಬ್ಬನೇ, ಅವನು ಹೆದರಲಿಲ್ಲ. ಮೂರು ವರ್ಷದಿಂದ ಕಾಯುತ್ತಿದ್ದವನ ಹಾಗೆ, “ಬಂದ್ರಾ ಅಯ್ಯ,” ಎಂದ.

“ಯಾವತ್ತು ಸತ್ತೆನೋ ನಾನು?”

“ಕಾರ್ತಿಕದಲ್ಲಿ.”

“ಹೇಗೆ?”

“ನಿದ್ದೇಲಿ. ಒಂಚೂರೂ ನೋವಿಲ್ಲ ಅಯ್ಯ. ಒಬ್ರು ಕ್ಯಾನ್ಸರಾ ಅಂತ ಕೇಳಿದ್ರು, ಬಿಡ್ತು ಅನ್ನಿ ಅಂತ ಬೈದು ಕಳಿಸ್ದೆ.”

“ನಾಚ್ಕೆ ಆಗಲ್ವಾ ಶೀನಣ್ಣ ನಿಮ್ಗೆ?” ವಿಶಾಖಾ ನುಗ್ಗಿದಳು. “ಬದುಕಿರೋರಿಗೆ ಹಾರ ಹಾಕಿದೀರಲ್ಲ!”

“ಪ್ಲಾಸ್ಟಿಕ್ ಹಾರ ಅಲ್ಲಮ್ಮ. ದಿನಾ ಹೂವು ತರ್ತೀನಿ.”

“ಮುಚ್ಚೋ ಬಾಯಿ!” ಮೇಷ್ಟ್ರು ಬಾಗಿಲ ಚೌಕಟ್ಟು ಹಿಡಿದು ಏದುಸಿರು ಬಿಡುತ್ತಿದ್ದರು. “ನನ್ನ ಕೈಯಿಂದ ಎಳ್ಳು ಬಿಡಿಸ್ದಲ್ಲೋ ಪಾಪಿ!”

ಆಗ ಮಾತ್ರ ಶೀನಣ್ಣನ ಮುಖ ಬಿಳಿಚಿತು. ಅದು ಅವನಿಗೂ ಗೊತ್ತಿರಲಿಲ್ಲ.

ಅವನು ಕಲ್ಲು ಕೆಳಗಿಟ್ಟ. “ಕೂತಿದ್ದು ನಿಜ ಅಯ್ಯ. ಊರಿಗೆ ಹೋಗ್ತೀನಿ ಅಂತ ಸುಳ್ಳು ಹೇಳಿ ಇಲ್ಲಿ ಕೂತೆ. ನಾಲ್ಕು ತಿಂಗಳು ಒಬ್ರೂ ಕೆಲಸ ಕೊಡ್ಲಿಲ್ಲ. ನರಸಿಂಹಯ್ಯನೋರು ಇದಾರಲ್ಲ, ನೀನ್ಯಾಕೆ ಬೇರೆ ಕೂತೆ, ಅಪ್ಪಣೆ ಆಯ್ತಾ ಅಂತ ಎಲ್ರೂ ಕೇಳೋರು. ಒಂದಿನ ಬಾಯಿಂದ ಬಂದ್ಬಿಡ್ತು, ಅಯ್ಯ ತೀರ್ಕೊಂಡ್ರು ಅಂತ. ಅವರು ಅತ್ಬಿಟ್ರು, ಮೃದಂಗ ಕೊಟ್ಟು ಹೋದ್ರು. ಒಬ್ರಿಗೆ ಹೇಳಿದ ಮೇಲೆ ಇನ್ನೊಬ್ರಿಗೆ ಬೇರೆ ಹೇಳೋಕಾಗುತ್ತಾ? ಆಮೇಲೆ ಒಬ್ಬ ಬಂದು ಕಂಪ್ಯೂಟರಲ್ಲಿ ವಿಳಾಸ ಮಾಡ್ಕೊಡ್ತೀನಿ ಅಂದ. ನಿಮ್ಮಪ್ಪ, ದೊಡ್ಡಯ್ಯನ ಹೆಸರಲ್ಲೇ ಮಾಡಿಸ್ದೆ. ಅವನು ಮಧ್ಯೆ ಗೆರೆ ಹಾಕೋಣ, ನೋಡೋಕೆ ಚೆನ್ನಾಗಿರುತ್ತೆ ಅಂದ. ನಾನೇ ಬೇಡ ಅಂದೆ.”

“ಯಾಕೆ?”

“ಫೋನಲ್ಲಿ ಗೆರೆ ಹೇಗೆ ಹೇಳೋದು ಅಯ್ಯ? ನಮ್ಮೋರೆಲ್ಲ ಬಾಯಿಮಾತಿನ ಜನ.”

ವಿಶಾಖಾ ನನ್ನ ಕಡೆ ತಿರುಗಿ ನೋಡಿದಳು. ಅಂದು ಬೆಳಿಗ್ಗೆ ನನ್ನ ಬಾಯಿಂದ ಬಂದ ಮಾತೇ ಅವನ ಬಾಯಿಂದ ಬಂತು. ಇಪ್ಪತ್ತಾರು ವರ್ಷ ಮಗ್ಗುಲಲ್ಲಿ ಕೂತವನು ನನ್ನ ಕೈಯಷ್ಟೇ ಅಲ್ಲ, ಮಾತನ್ನೂ ಕಲಿತಿದ್ದ.

“ಎರಡು ಸಲ ಕೇಳಿದ್ದೆ,” ಎಂದ ಶೀನಣ್ಣ, ಮೆತ್ತಗೆ. “ನಂಗೀಗ ಐವತ್ತಾರು. ನೀವು ನೂರು ವರ್ಷ ಬಾಳ್ಬೇಕು ಅಂತ ದೇವರಾಣೆಗೂ ಕೈಮುಗೀತೀನಿ. ಆದ್ರೆ ನಾನು ಯಾವಾಗ ಕೂರ್ಲಿ ಅಯ್ಯ?”

“ಸ್ಟೇಷನ್ನಲ್ಲಿ ಕೂರಿ,” ಎಂದಳು ವಿಶಾಖಾ.

“ಸಾಕ್ಷಿಗೆ ನಾನು ಬರ್ತೀನಿ,” ಎಂದರು ಮೇಷ್ಟ್ರು.

ನಾನು ಅವನ ಚಾಪೆಯ ಅಂಚಿನಲ್ಲಿ ಕೂತೆ. ಕಣ್ಣ ಮುಂದೆ ಇನ್ನೊಂದು ದಿನ ಬಂದು ನಿಂತಿತ್ತು. ನಮ್ಮಪ್ಪ ಹೋದ ದಿನ. ನನಗಾಗ ಮೂವತ್ತೈದು. ಅಪ್ಪನನ್ನು ನಡುಮನೆಯಲ್ಲಿ ಮಲಗಿಸಿದ್ದರು, ನಾನು ಅಳುತ್ತಿದ್ದೆ, ಸುಳ್ಳು ಅಳು ಅಲ್ಲ. ಅಳುತ್ತಿರುವಾಗಲೇ ತೆರೆದ ಬಾಗಿಲಿನಿಂದ ಅಂಗಡಿಯ ಖಾಲಿ ಮಣೆ ಕಾಣಿಸಿತು. ನಾಳೆಯಿಂದ ಅದು ನನ್ನದು ಎಂದು ಮನಸ್ಸಿನೊಳಗೆ ಏನೋ ಎದ್ದು ಕೂತಿತು. ಅದನ್ನು ನಾನು ಪಾರ್ವತಮ್ಮನಿಗೂ ಹೇಳಿಲ್ಲ. ನಲವತ್ತೊಂದು ವರ್ಷ ನನಗೇ ಹೇಳಿಕೊಂಡಿರಲಿಲ್ಲ. ನಾನು ಅಪ್ಪ ಸಾಯುವವರೆಗೆ ಕಾದೆ. ಇವನು ಕಾಯಲಿಲ್ಲ. ನಮ್ಮಿಬ್ಬರ ನಡುವೆ ಅಷ್ಟೇ ವ್ಯತ್ಯಾಸ ಎಂದು ಹೊಳೆದಾಗ, ನನ್ನ ಫೋಟೋಕ್ಕೆ ಹಾರ ಕಂಡದ್ದಕ್ಕಿಂತಲೂ ದೊಡ್ಡ ಪೆಟ್ಟು ಬಿದ್ದ ಹಾಗಾಯಿತು.

“ಎಲೆಅಡಿಕೆ ಇದ್ಯಾ?” ಎಂದೆ.

ಶೀನಣ್ಣನಿಗೆ ಅರ್ಥವಾಗಲಿಲ್ಲ. ಮೇಷ್ಟ್ರಿಗೆ ಆಯಿತು. “ಏನ್ರೀ ಇದು ನರಸಿಂಹಯ್ಯ!”

“ತಾತ!” ಎಂದು ಕಿರುಚಿದಳು ವಿಶಾಖಾ.

“ಪೂಜೆಗೆ ಇಟ್ಟಿರೋದಿದೆ,” ಎಂದ ಶೀನಣ್ಣ. “ನಿಮ್ಮ ಫೋಟೋ ಮುಂದೆ.”

“ಅದನ್ನೇ ಕೊಡು.”

ತಂದುಕೊಟ್ಟ. ನಾನು ಎರಡೂ ಕೈಯಲ್ಲಿ ಹಿಡಿದುಕೊಂಡೆ, ಕೊಡಲಿಲ್ಲ.

“ಮೇಷ್ಟ್ರು ನೋಡ್ತಿದಾರೆ. ಮೊದ್ಲು ಕೇಳ್ಕೋ. ಅಪ್ಪಣೆ ಕೊಡ್ತೀನಿ, ಹೆಸರು ಕೊಡಲ್ಲ. ಕೂತ್ಕೋ, ನಿನ್ನ ಹೆಸರಲ್ಲಿ ಕೂತ್ಕೋ. ಅಪ್ಪನ ಹೆಸರು ವಾಪಸ್ ಕೊಡು. ಅದಕ್ಕೂ ಮುಂಚೆ ನನ್ನ ಬದುಕ್ಸು. ಈಗ, ಇಲ್ಲೇ.”

“ನಿಮ್ಮನ್ನ ಬದುಕ್ಸಿದ್ರೆ ನಾನು ಸುಳ್ಳ ಅಂತ ಊರಿಗೆಲ್ಲ ಗೊತ್ತಾಗುತ್ತೆ. ಯಾರು ಬರ್ತಾರೆ ನನ್ನ ಹತ್ರ?”

“ನಿನ್ನ ಕೆಲಸ ಗೊತ್ತಿರೋರು ಬರ್ತಾರೆ. ಮಿಕ್ಕೋರು ಬರಲ್ಲ. ಅದು ನೀನು ಉಣ್ಬೇಕಾದ್ದು, ಉಣ್ಣು.”

ಅವನು ಗೋಡೆಯ ಫೋಟೋ ಕಡೆ ಒಂದು ಸಲ ನೋಡಿದ. ಆಮೇಲೆ ತನ್ನ ಫೋನನ್ನು ವಿಶಾಖಾಳ ಕಡೆ ತಳ್ಳಿದ. “ನೀವೇ ಮಾಡಮ್ಮ. ನಂಗೆ ಬರಲ್ಲ. ಒಳಗೆ ಹೋಗೋ ಗುಟ್ಟಿನ ಅಕ್ಷರ ಫೋನಿನ ಹಿಂದೆ ಅಂಟಿಸಿರೋ ಚೀಟೀಲಿದೆ.”

ವಿಶಾಖಾ ತನ್ನ ಲ್ಯಾಪ್‌ಟಾಪು ತೆರೆದಳು. ನಾವು ಮೂವರು ಮುದುಕರು ಅವಳ ಹಿಂದೆ ಕೂತು ನೋಡಿದೆವು. ಆ ಗಲ್ಲಿಯಲ್ಲಿ ಸಿಗ್ನಲ್ ಸರಿಯಿಲ್ಲ. ಒಂದು ಸಣ್ಣ ಚಕ್ರ ಸುತ್ತುತ್ತ ಸುತ್ತುತ್ತ ಇತ್ತು. ಕೊನೆಗೆ ‘ದಿ.’ ಅಳಿಸಿಹೋಯಿತು. ಹಾರದ ಫೋಟೋ ಹೋಯಿತು. ಆ ಜಾಗ ಖಾಲಿ ಬಿಳಿಯಾಗಿ ಉಳಿಯಿತು. ಅವಳು ನನ್ನನ್ನು ತಿರುಗಿ ನೋಡಿ, ಅಲ್ಲೇ ಚಾಪೆಯ ಮೇಲೆ ಕೂತಿದ್ದ ಹಾಗೇ ಒಂದು ಫೋಟೋ ತೆಗೆದು ಹಾಕಿದಳು.

“ವಿಳಾಸ ನಮ್ಮ ಹೆಸರಿಗೆ ಬರೋಕೆ ಐದಾರು ದಿನ ಆಗುತ್ತೆ,” ಎಂದಳು. ಇನ್ನೂ ಸಿಟ್ಟಿನಲ್ಲೇ ಇದ್ದಳು. ಆಮೇಲೆ ಶೀನಣ್ಣನ ಕಡೆ ನೋಡದೆ, “ನಿಮ್ಮ ಹೆಸರೂ ನೋಡ್ದೆ. ಶೀನಣ್ಣ ಮೃದಂಗ ಅಂತ. ಖಾಲಿ ಇದೆ. ಗೆರೆ ಗಿರೆ ಏನೂ ಬೇಡ. ಯಾರೂ ತಗೊಂಡಿಲ್ಲ.”

“ಯಾರೂ ತಗೊಂಡಿಲ್ವಾ?” ಎಂದ ಶೀನಣ್ಣ. ತನಗೊಂದು ಹೆಸರಿದೆ ಎಂದು ಆಗಷ್ಟೇ ಕೇಳಿದವನ ಹಾಗಿತ್ತು ಅವನ ಮುಖ.

ನಾನು ಎಲೆಅಡಿಕೆ ಕೊಟ್ಟೆ. ಅವನು ಕಾಲಿಗೆ ಬಿದ್ದ. ನಾನು ಎತ್ತಲಿಲ್ಲ. ತಾನೇ ಎದ್ದ. ಎದ್ದು, ಗೋಡೆಯ ಮೇಲಿನ ಫೋಟೋದಿಂದ ಮಲ್ಲಿಗೆ ತೆಗೆದು ಏನು ಮಾಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತ.

ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. “ಮಲ್ಲೇಶ್ವರದ ಶ್ರೀಹರಿ,” ಎಂದ ಗಾಬರಿಯಲ್ಲಿ. “ಮೃದಂಗ ಆಯ್ತಾ ಅಂತ ಕೇಳೋಕೆ. ಏನ್ ಹೇಳ್ಲಿ?”

“ಇಲ್ಲಿ ಕೊಡು.”

ನಾನು ಫೋನು ಕಿವಿಗಿಟ್ಟುಕೊಂಡೆ. “ಶ್ರೀಹರಿ, ನಾನಪ್ಪ, ನರಸಿಂಹಯ್ಯ.”

ಆ ಕಡೆಯಿಂದ ಬಸ್ಸಿನ ಹಾರ್ನ್ ಒಂದು ಕೇಳಿತು. ಫೋನು ಕಟ್ಟಾಯಿತು.

ನಾಲ್ವರೂ ಫೋನನ್ನೇ ನೋಡುತ್ತ ಕೂತೆವು. ಅದು ಮತ್ತೆ ಹೊಡೆದುಕೊಂಡಿತು.

“ಯಾರ್ರೀ ಅದು?” ಶ್ರೀಹರಿಯ ಧ್ವನಿ ಒಡೆದಿತ್ತು. “ಇಂಥ ವಿಷಯದಲ್ಲಾ ತಮಾಷೆ ಮಾಡೋದು?”

“ನಿನ್ನ ಮೃದಂಗದ ಎಡಗಡೆ ಮರದಲ್ಲಿ ಒಂದು ಬಿರುಕಿದೆ. ಹೈಸ್ಕೂಲಲ್ಲಿದ್ದಾಗ ಸ್ಕೂಟರಿಂದ ಬೀಳಿಸ್ದೆ. ಅಪ್ಪನಿಗೆ ಹೇಳ್ಬೇಡಿ ತಾತ ಅಂತ ನಮ್ಮ ಹೊಸಿಲ ಮೇಲೆ ಕೂತು ಅತ್ತೆ. ಮೇಣ ತುಂಬಿ ಮುಚ್ಚಿಕೊಟ್ಟೆ. ಇವತ್ತಿನವರೆಗೂ ಯಾರಿಗೂ ಹೇಳಿಲ್ಲ.”

ಮೇಷ್ಟ್ರು ನನ್ನ ಭುಜ ಹಿಡಿದುಕೊಂಡಿದ್ದರು.

“ತಾತ,” ಎಂದ ಶ್ರೀಹರಿ ಕಡೆಗೆ. “ಎಲ್ಲಿದೀರಾ ನೀವು? ಈಗ್ಲೇ ಬರ್ತೀನಿ. ಎಲ್ಲೂ ಹೋಗ್ಬೇಡಿ.”